ಮರೆಯಲ್ಲಿ ನಿಂತ ವ್ಯಾಧಿ, ಮನೆ ಬಾಗಿಲಿಗೆ ಬಂದ ಮಾತ್ರೆ

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಇಬ್ಬರು ಪ್ರಭು ಯೇಸುವನ್ನು ಅರಸಿ ಬರುತ್ತಾರೆ. ಪ್ರಾರ್ಥನಾಮಂದಿರದ ಅಧಿಕಾರಿಯಾದ ಯಾಯೀರನು ಎಲ್ಲರ ಕಣ್ಣೆದುರಿನಲ್ಲೇ ಕಾಲಿಗೆರಗಿ ಮಗಳ ಪ್ರಾಣಕ್ಕಾಗಿ ಬೇಡುತ್ತಾನೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯಾದರೋ ಜನಸಂದಣಿಯಲ್ಲಿ ಹಿಂದಿನಿಂದ ಬಂದು ಆತನ ಉಡುಪನ್ನು ಮುಟ್ಟುತ್ತಾಳೆ. ಇಬ್ಬರಿಗೂ ವೈದ್ಯನೊಬ್ಬನೇ, ಆದರೆ ಆತನ ಬಳಿಗೆ ಹೋಗುವ ದಾರಿ ಒಂದೇ ಆಗಿರಲಿಲ್ಲ.

ಹಿಂದೆ ನಾನು ಸೇವೆ ಸಲ್ಲಿಸಿದ ಕರಾವಳಿಯ ಧರ್ಮಕೇಂದ್ರವೊಂದರಲ್ಲಿ ತಾಯಿಯೊಬ್ಬರು ಸದಾ ಕೊನೆಯ ಬೆಂಚಿನಲ್ಲಿ ಕುಳಿತು, ಎಲ್ಲರಿಗಿಂತ ಮೊದಲೇ ಹೊರಟುಹೋಗುತ್ತಿದ್ದರು. ಅದನ್ನು ನಾನು ಭಕ್ತಿಯ ಕೊರತೆಯೆಂದು ಎಣಿಸಿದ್ದೆ. ಒಮ್ಮೆ ಜ್ವರದಲ್ಲಿ ಮಲಗಿದ್ದ ಅವರಿಗೆ ಪರಮಪ್ರಸಾದ ಕೊಡಲು ಹೋದಾಗಲೇ ಊದಿದ ಆ ಕಾಲನ್ನು ಕಂಡದ್ದು. "ಡಾಕ್ಟರಿಗೆ ತೋರಿಸಲಿಲ್ಲವೇ?" ಎಂದು ಕೇಳಿದೆ. "ಹೇಗೆ ತೋರಿಸಲಿ, ಫಾದರ್? ಹೆಣ್ಣುಮಕ್ಕಳ ಮದುವೆ ಆಗಬೇಕಲ್ಲ" ಎಂದರು. ನನ್ನ ತೀರ್ಪಿಗಾಗಿ ನಾನು ಅಂದು ನಾಚಿದೆ.

ಆನೆಕಾಲು ರೋಗವು ಶಾಪವೂ ಅಲ್ಲ, ವಂಶದೋಷವೂ ಅಲ್ಲ. ಸೊಳ್ಳೆಯ ಕಡಿತದಿಂದ ದೇಹವನ್ನು ಸೇರುವ ನೂಲಿನಂಥ ಹುಳುಗಳು ಅದಕ್ಕೆ ಕಾರಣ. ಸೋಂಕು ತಗುಲಿದವರಲ್ಲಿ ಅನೇಕರು ಹೊರನೋಟಕ್ಕೆ ಆರೋಗ್ಯವಂತರೇ. ಅವರ ರಕ್ತದಿಂದಲೇ ಸೊಳ್ಳೆಯು ಮರಿಹುಳುಗಳನ್ನು ಹೀರಿ ಮತ್ತೊಬ್ಬರಿಗೆ ದಾಟಿಸುತ್ತದೆ. ಆದುದರಿಂದ ರೋಗಿಗಳಷ್ಟೇ ಅಲ್ಲ, ಊರಿಗೆ ಊರೇ ಮದ್ದು ನುಂಗಬೇಕು. ಕರ್ನಾಟಕದಲ್ಲಿ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಹಾಗೂ ಕರಾವಳಿಯ ಮೂರು ಜಿಲ್ಲೆಗಳು ಇದರ ನೆಲೆಗಳೆಂದು ಗುರುತಿಸಲ್ಪಟ್ಟಿದ್ದವು. 2004ರಿಂದ ನಮ್ಮ ದೇಶದಲ್ಲಿ ರೋಗಪೀಡಿತ ಜಿಲ್ಲೆಗಳ ಜನರಿಗೆ ಸಾಮೂಹಿಕವಾಗಿ ಡಿ.ಇ.ಸಿ. ಮಾತ್ರೆ ನೀಡಲಾಗುತ್ತಿದೆ. ಮುಂದೆ ಆಲ್ಬೆಂಡಜೋಲ್ ಅದರೊಡನೆ ಸೇರಿತು. 2018ರಿಂದೀಚೆಗೆ ಆಯ್ದ ಜಿಲ್ಲೆಗಳಲ್ಲಿ ಐವರ್ಮೆಕ್ಟಿನ್ ಸಹ ಸೇರಿದೆ. 2027ರೊಳಗೆ ರೋಗವನ್ನು ನಿವಾರಿಸುವುದು ಭಾರತದ ಗುರಿ.

ಮಾತ್ರೆ ಉಚಿತ, ಅದು ಮನೆ ಬಾಗಿಲಿಗೇ ಬರುತ್ತದೆ. ಹಾಗಾದರೆ ಅದು ಎಲ್ಲರಿಗೂ ಸಮಾನವಾಗಿ ತಲುಪಿತೆನ್ನಬಹುದೇ? ಗರ್ಭಿಣಿಯರಿಗೆ ಈ ಮದ್ದು ಕೊಡುವಂತಿಲ್ಲ. ಅದು ಸರಿಯಾದ ಎಚ್ಚರಿಕೆ. ಆದರೆ "ನೀವು ಗರ್ಭಿಣಿಯೇ?" ಎಂಬ ಪ್ರಶ್ನೆಯನ್ನು ಅತ್ತೆ ಮಾವಂದಿರ ಮುಂದೆ ಕೇಳಿದರೆ, ಇನ್ನೂ ಯಾರಿಗೂ ತಿಳಿಸದ ಹೊಸ ಸೊಸೆ ಏನೆಂದು ಉತ್ತರಿಸಬೇಕು? ಅವಿವಾಹಿತ ಯುವತಿ ಏನೆನ್ನಬೇಕು? ಒಬ್ಬಳು ನಾಚಿ ಸುಳ್ಳು ನುಡಿಯುತ್ತಾಳೆ, ಇನ್ನೊಬ್ಬಳು ಒಳಗೆ ಸರಿಯುತ್ತಾಳೆ. ಹೆರಿಗೆಯಾದ ಮೇಲೆ ಆಕೆಯನ್ನು ನೆನೆದು ಮತ್ತೆ ಬರುವವರೂ ವಿರಳ. ಪುರುಷರ ಕಥೆ ಬೇರೆ. ಹಗಲಲ್ಲಿ ಅವರು ಕೆಲಸಕ್ಕೆ ಹೋಗಿರುತ್ತಾರೆ. ಹೆಂಡತಿಯ ಕೈಗಿತ್ತ ಮಾತ್ರೆ ಗೂಡಿನಲ್ಲೇ ಉಳಿಯುತ್ತದೆ. ವೃಷಣದ ಊತವುಳ್ಳ ಗಂಡಸು ಅದನ್ನು ಆಶಾ ಕಾರ್ಯಕರ್ತೆಯ ಮುಂದೆ ಬಾಯಿಬಿಟ್ಟು ಹೇಳಲಾರ. ಒಬ್ಬಳನ್ನು ಮನೆಯ ಮರ್ಯಾದೆ ಕಟ್ಟಿಹಾಕಿದರೆ, ಇನ್ನೊಬ್ಬನನ್ನು ಪೌರುಷದ ಹಮ್ಮು ಕಟ್ಟಿಹಾಕುತ್ತದೆ.

ಅರಿಸ್ಟಾಟಲನು ನ್ಯಾಯವನ್ನು ವಿವೇಚಿಸುವಾಗ, ಸಮರಲ್ಲದವರಿಗೆ ಸಮಪಾಲು ಹಂಚುವುದು ನ್ಯಾಯವಲ್ಲವೆಂದು ತೋರಿಸಿದನು. ಪ್ರತಿಯೊಬ್ಬರಿಗೂ ಸಲ್ಲತಕ್ಕದ್ದನ್ನು ಸಲ್ಲಿಸುವುದೇ ನ್ಯಾಯವೆಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಮಾತ್ರೆಗಳನ್ನು ಎಣಿಸಿ ಕೊಟ್ಟ ಮಾತ್ರಕ್ಕೆ ನ್ಯಾಯ ಸಂದಂತಾಗದು. ಅದನ್ನು ನುಂಗಲು ಅಡ್ಡಿಯಾದುದನ್ನು ನೀಗಿಸಿದಾಗಲೇ ನ್ಯಾಯ ಪೂರ್ಣಗೊಳ್ಳುತ್ತದೆ.

ಇದರಲ್ಲಿ ನಮ್ಮ ಕುಟುಂಬಗಳ ಪಾಲು ಸಣ್ಣದಲ್ಲ. ಮದ್ದು ಹಂಚುವ ಜಿಲ್ಲೆಗಳಲ್ಲಿ ನೆಲೆಸಿರುವವರು ಕಾರ್ಯಕರ್ತೆ ಬಂದಾಗ ಹೆಣ್ಣುಮಕ್ಕಳೊಡನೆ ಏಕಾಂತವಾಗಿ ಮಾತನಾಡಲು ಅವಳಿಗೆ ಅವಕಾಶ ಕೊಡಿರಿ. ಗಂಡಸರು ಊಟ ಮಾಡಿ, ಅವಳೆದುರಿಗೇ ಮಾತ್ರೆ ನುಂಗಲಿ. ಈ ವರ್ಷ ಗರ್ಭಿಣಿಯಾಗಿದ್ದ ಸೊಸೆಯ ಹೆಸರನ್ನು ಮುಂದಿನ ಸುತ್ತಿನಲ್ಲಿ ನೆನಪಿಸುವ ಹೊಣೆ ಮನೆಯ ಹಿರಿಯರದು. ಸ್ತ್ರೀ ಸಂಘಟನೆಯವರು ತಮ್ಮ ವಾಳೆಯಲ್ಲಿ ಕಾಲೂತವನ್ನು ಮರೆಮಾಚಿ ಕುಳಿತವರಿದ್ದರೆ ಅವರ ಜೊತೆಗಾತಿಯಾಗಿ ಆಸ್ಪತ್ರೆಗೆ ಹೋಗಲಿ. ಹಳೆಯ ಊತವು ಮಾತ್ರೆಯಿಂದ ಇಳಿಯದಿರಬಹುದು. ಆದರೂ ದಿನವೂ ಸೋಪು ನೀರಿನಿಂದ ಕಾಲು ತೊಳೆದು, ಒರೆಸಿ ಒಣಗಿಸಿ, ಮೇಲೆತ್ತಿ ಇರಿಸಿದರೆ ಜ್ವರ, ನೋವುಗಳ ಬಾಧೆ ತಗ್ಗುತ್ತದೆ.

ಯಾಯೀರನ ಮನೆಗೆ ಅವಸರವಾಗಿ ನಡೆದಿದ್ದ ಪ್ರಭು ಆ ಸ್ತ್ರೀಗಾಗಿ ದಾರಿಯಲ್ಲೇ ನಿಂತರು. ಆಕೆ ಎಲ್ಲವನ್ನೂ ಹೇಳುವವರೆಗೆ ಕಾದರು. ಮಗಳೇ ಎಂದು ಕರೆದರು. ಕೊನೆಯ ಬೆಂಚಿನಲ್ಲಿ ಕುಳಿತವರಿಗಾಗಿ ನಾವೂ ಒಂದು ಗಳಿಗೆ ನಿಲ್ಲೋಣ.