ಅಪ್ಪನ ಸ್ಟೀರಿಯೊ, ತಂಗಿಯ ಚುಕ್ಕಿ

ನಮ್ಮ ಮನೆಯಲ್ಲಿ ದೇವರ ಕೋಣೆಯಷ್ಟೇ ಮಡಿಯ ಜಾಗ ಇನ್ನೊಂದಿದೆ. ಅದು ಹಾಲ್‌ನಲ್ಲಿ ಅಪ್ಪನ ಸ್ಟೀರಿಯೊ ಇರುವ ಮೂಲೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂತು ಕಟ್ಟಿ ಕೊಂಡ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಮರದ ಪೆಟ್ಟಿಗೆಯ ಎರಡು ಸ್ಪೀಕರ್. ಭಾನುವಾರ ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳದೆ ಅಪ್ಪ ತಿಂಡಿ ಮುಟ್ಟುವುದಿಲ್ಲ. ನಾನು ಬಿಇಗೆ ಎಲೆಕ್ಟ್ರಾನಿಕ್ಸ್ ಆರಿಸಿಕೊಳ್ಳಲು ಕಾರಣವೂ ಆ ಮೂಲೆಯೇ.

ಕಳೆದ ಮಳೆಗಾಲದಲ್ಲಿ ತಂಗಿ, ನೆನೆದು ನಡುಗುತ್ತಿದ್ದ ಬೆಕ್ಕಿನ ಮರಿಯೊಂದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಂದಳು. ಹೆಸರು ಚುಕ್ಕಿ ಎಂದಾಯಿತು. ಚುಕ್ಕಿ ಮನೆಯೆಲ್ಲ ಸುತ್ತಿ, ಕೊನೆಗೆ ಎರಡು ಜಾಗ ಮೆಚ್ಚಿಕೊಂಡಳು. ಮಲಗಲು ಆಂಪ್ಲಿಫೈಯರ್‌ನ ನೆತ್ತಿ, ಉಗುರು ಕೆರೆಯಲು ಸ್ಪೀಕರಿನ ಬಟ್ಟೆ!

ಒಂದು ಭಾನುವಾರ ಬಲಗಡೆಯ ಸ್ಪೀಕರ್ ಗೊರಗೊರ ಎಂದಿತು. ಮುಂದಿನ ಬಟ್ಟೆ ತೆಗೆದು ನೋಡಿದರೆ ಒಳಗಿನ ಕಾಗದದ ಕೋನ್ ಹರಿದಿತ್ತು. ಅಪ್ಪ ಕೂಗಾಡಲಿಲ್ಲ. 'ಇನ್ನೊಂದು ಸಲ ಹೀಗಾದ್ರೆ ಇದನ್ನ ಎಲ್ಲಾದ್ರೂ ಬಿಟ್ಟು ಬರ್ತೀನಿ' ಎಂದಷ್ಟೇ ಹೇಳಿ ಸೆಟ್ ಆಫ್ ಮಾಡಿದರು. ತಂಗಿ ಆ ರಾತ್ರಿ ಊಟ ಮಾಡಲಿಲ್ಲ. 'ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಏನಾದ್ರೂ ಮಾಡೋ' ಎಂದಳು ಅಮ್ಮ.

ಮಾಡಿದೆ. ದಪ್ಪ ಬೆಡ್‌ಶೀಟ್ ಮಡಚಿ ಆಂಪ್ಲಿಫೈಯರ್‌ಗೆ ಹೊದಿಸಿದೆ. ಚುಕ್ಕಿಗೆ ಇನ್ನೂ ಮೆತ್ತನೆಯ ಹಾಸಿಗೆ ಸಿಕ್ಕಿತು. ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ. ಹೊದಿಕೆ ಎಳೆದು ಮುಟ್ಟಿದರೆ ಕೈ ಚುರ್ ಎಂದಿತು. ಟ್ರಾನ್ಸಿಸ್ಟರ್‌ಗಳ ಶಾಖವನ್ನು ಹೀಟ್ ಸಿಂಕ್ ಗಾಳಿಗೆ ದಾಟಿಸುತ್ತದೆ, ಆ ಬಿಸಿ ಗಾಳಿ ಮೇಲಿನ ಕಂಡಿಗಳಿಂದ ಹೊರಹೋಗಬೇಕು. ಪರೀಕ್ಷೆಯಲ್ಲಿ ಇದನ್ನೇ ಚಿತ್ರ ಸಮೇತ ಬರೆದು ಬಂದವನು ನಾನು! ಬೆಕ್ಕು ಮಾಡದ ಹಾನಿಯನ್ನು ನಾನೇ ಮಾಡಲಿದ್ದೆ.

ಆಮೇಲೆ ಚುಕ್ಕಿಯ ಕಡೆಯಿಂದ ಯೋಚಿಸಿದೆ. ನಮಗೆ ಸೆಖೆ ಎನಿಸುವ 30ರಿಂದ 38 ಡಿಗ್ರಿ ಬೆಕ್ಕಿಗೆ ಹಿತ. ಆನ್ ಆಗಿರುವ ಆಂಪ್ಲಿಫೈಯರ್ ಹಾಡದಿದ್ದರೂ ಬೆಚ್ಚಗಿರುತ್ತದೆ. ಅವಳಿಗೆ ಬೇಕಾದದ್ದು ಆ ಬಿಸಿ. ಆದರೆ ಉದುರಿದ ಕೂದಲು ಕಂಡಿಯೊಳಗೆ ಸೇರಿ ದೂಳಿನ ಜೊತೆ ಕೂತರೆ ಶಾಖಕ್ಕೆ ದಾರಿಯಿಲ್ಲ. ಉಗುರು ಕೆರೆಯುವುದೂ ತುಂಟತನವಲ್ಲ. ಹಳೆಯ ಉಗುರಿನ ಪದರ ಕಳಚಲು, ಮೈ ಮುರಿಯಲು, 'ಇದು ನನ್ನ ಜಾಗ' ಎಂದು ವಾಸನೆಯ ಗುರುತು ಬಿಡಲು ಬೆಕ್ಕಿಗೆ ಅದು ಬೇಕೇ ಬೇಕು. ಬಿಗಿಯಾಗಿ ಎಳೆದು ಕೂರಿಸಿದ ಸ್ಪೀಕರ್ ಬಟ್ಟೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ಮರದ ತುಂಡೊಂದಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಭಾರದ ಹಲಗೆಗೆ ಹೊಡೆದು, ಸ್ಪೀಕರ್ ಪಕ್ಕದಲ್ಲೇ ನಿಲ್ಲಿಸಿದೆ. ಸ್ಪೀಕರ್ ಚೌಕಟ್ಟಿನ ಅಂಚಿಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿದೆ. ಪಂಜಕ್ಕೆ ಅಂಟುವುದು ಬೆಕ್ಕಿಗೆ ಆಗದು. ಆಂಪ್ಲಿಫೈಯರ್ ಮೇಲೆ ಒಂದು ಗೇಣು ಜಾಗ ಬಿಟ್ಟು ತಂತಿ ಜಾಲರಿಯನ್ನು ಓರೆಯಾಗಿ ಕೂರಿಸಿದೆ. ಗಾಳಿ ದಾಟುತ್ತದೆ, ಬೆಕ್ಕು ಜಾರುತ್ತದೆ. ಕಚ್ಚಿಯಾಳೆಂದು ವೈರ್‌ಗಳನ್ನು ಪಿವಿಸಿ ಪೈಪಿನೊಳಗೆ ತೂರಿಸಿದೆ. ಬಿಸಿಲು ಬೀಳುವ ಕಿಟಕಿಯ ಬಳಿ, ಅಷ್ಟೇ ಎತ್ತರದಲ್ಲಿ, ಹಳೆ ಸ್ವೆಟರ್ ಹಾಸಿದ ರಟ್ಟಿನ ಡಬ್ಬವಿಟ್ಟೆ. ಹರಿದ ಕೋನ್ ಬದಲಾಯಿಸಿದ್ದು ರಿಪೇರಿ ಅಂಗಡಿಯವರು, ದುಡ್ಡು ಹೋದದ್ದು ನನ್ನ ಪಾಕೆಟ್ ಮನಿಯಿಂದ.

ಮೊದಲ ವಾರ ಚುಕ್ಕಿ ಜಾಲರಿ ಹತ್ತಿ ಜಾರಿ, ನನ್ನನ್ನೇ ದುರುಗುಟ್ಟಿ ನೋಡಿದಳು. ಎರಡನೇ ವಾರ ಹಗ್ಗಕ್ಕೆ ಉಗುರು ಹಾಕಿದಳು. ಮೂರನೇ ಭಾನುವಾರ ಮನ್ಸೂರರು ಎರಡೂ ಸ್ಪೀಕರಿನಲ್ಲಿ ಹಾಡುತ್ತಿದ್ದಾಗ ಅವಳು ಕಿಟಕಿ ಬಳಿಯ ಡಬ್ಬದಲ್ಲಿ ಮುದುಡಿ ನಿದ್ದೆ ಹೋಗಿದ್ದಳು. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಅಪ್ಪ ಅವಳನ್ನೊಮ್ಮೆ ನೋಡಿ ವಾಲ್ಯೂಮ್ ಸ್ವಲ್ಪ ಇಳಿಸಿದರು.

'ಬೆಕ್ಕಿನ ಕಿವಿ ಬಹಳ ಸೂಕ್ಷ್ಮ ಅಂತಾರಲ್ವೇನೋ?'