ತೋಟದ ಕಾಯಿ ಕದ್ದರೆ ಕೇಸ್ ಆಗುತ್ತಾ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗು ಬೆಳೆಗಾರರೇ, ಇದನ್ನು ಪೂರ್ತಿ ಕೇಳಿ.

ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾದ ಕಾಯನ್ನು ಮನೆಯೊಳಗಿಂದ ಕದ್ದರೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 305. ಏಳು ವರ್ಷದವರೆಗೆ ಜೈಲು.

ತೋಟದಲ್ಲಿ ಬಿದ್ದ ಕಾಯಿ ಕದ್ದರೆ? ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಕಳ್ಳನಿಗೆ ಇದೇ ಮೊದಲ ಸಲವಾದರೆ, 2024ರ ಜುಲೈ 1ರಿಂದ ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟ್ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮಾಲು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಕಾಯಿಗೆ 25 ರೂಪಾಯಿ ಹಿಡಿದರೆ ನೂರೈವತ್ತು ಕಾಯಿ ಹೋದರೂ ಇದೇ ಲೆಕ್ಕ! ಸಣ್ಣ ರೈತನಿಗೆ ಅದು ಸಣ್ಣ ನಷ್ಟವಲ್ಲ.

ಇನ್ನು ಪೊಲೀಸ್ ಕಾವಲಿನ ವಿಷಯ. 2025ರ ಜುಲೈನಲ್ಲಿ ಗೃಹ ಸಚಿವರಾಗಿದ್ದ ನಮ್ಮದೇ ತುಮಕೂರು ಜಿಲ್ಲೆಯ ಜಿ. ಪರಮೇಶ್ವರ 'ಮನೆ ಮನೆಗೆ ಪೊಲೀಸ್' ಶುರು ಮಾಡಿದರು. ಬೀಟ್ ಪೊಲೀಸರೇ ಬಾಗಿಲಿಗೆ ಬಂದು ಅಹವಾಲು ಕೇಳಬೇಕು. ಒಳ್ಳೆಯ ಕೆಲಸ. ಆದರೆ ಊರೊಳಗಿನ ಮನೆ ಮುಟ್ಟಿ ಹಿಂತಿರುಗಿದರೆ ಸಾಲದು, ತೋಟದ ಮನೆಗಳಿಗೂ ಬರಲೇಬೇಕು.

ದೂರು ಕೊಡುವಾಗ ಎಷ್ಟು ಕಾಯಿ, ಅವತ್ತಿನ ಬೆಲೆ ಎಷ್ಟು, ಎರಡನ್ನೂ ಬರೆಸಿ. ಎಫ್‌ಐಆರ್ ಪ್ರತಿಗೆ ದುಡ್ಡಿಲ್ಲ, ಕೇಳಿ ಪಡೆಯಿರಿ. ಕೇಸ್ ಆಗಬೇಕಾದದ್ದನ್ನು ಠಾಣೆಯಲ್ಲಿ ದಾಖಲಿಸದಿದ್ದರೆ ತುಮಕೂರಿನ ಎಸ್‌ಪಿಗೆ ಅಂಚೆಯಲ್ಲೇ ದೂರು ಕಳಿಸಬಹುದು.