ಹಳೆಯ ದರಗಳ ಪರೀಕ್ಷೆ: ಚಲಿಸುವ ಸರಾಸರಿಯ ಉಪಯೋಗವೆಷ್ಟು?

ಸಿಂಧನೂರು ತಾಲ್ಲೂಕಿನ ದಢೇಸುಗೂರು ಭಾಗದಲ್ಲಿ ವರ್ತಕರ ಬಂಡವಾಳವು ಭತ್ತದೊಡನೆ ತಿರುಗುತ್ತದೆ. ಮುಂಗಾರು ಬೆಳೆಯ ಖರೀದಿಗೆ ನವೆಂಬರ್‌ನಲ್ಲಿ ಹೊರಟ ಹಣ ಅಕ್ಕಿಯಾಗಿ ಮಾರಾಟವಾಗಿ ಮರಳಿದ ಮೇಲೆ, ಮುಂದಿನ ಸುಗ್ಗಿಯವರೆಗೆ ಅದರ ಒಂದು ಭಾಗ ಬಿಡುವಾಗಿರುತ್ತದೆ. ಈ ಹಣ ಷೇರು ಪೇಟೆಯತ್ತ ಸರಿಯುತ್ತಿರುವುದು ಹೊಸತೇನಲ್ಲ. ಇತ್ತೀಚೆಗೆ ಅದರೊಡನೆ ಒಂದು ಮಾತೂ ಸೇರಿಕೊಂಡಿದೆ: 'ಈ ಸೂತ್ರವನ್ನು ಹತ್ತು ವರ್ಷದ ದರಗಳ ಮೇಲೆ ಪರೀಕ್ಷಿಸಿದೆ, ಲಾಭ ಖಚಿತ.' ಅಂತಹ ಪರೀಕ್ಷೆಗೆ ಬ್ಯಾಕ್‌ಟೆಸ್ಟಿಂಗ್ ಎನ್ನುತ್ತಾರೆ. ಅದರಲ್ಲಿ ಹೆಚ್ಚು ಬಳಕೆಯಾಗುವ ಸಾಧನ ಚಲಿಸುವ ಸರಾಸರಿ.

ಅದರ ಲೆಕ್ಕ ವರ್ತಕರಿಗೆ ಕಷ್ಟದ್ದಲ್ಲ. 75 ಕೆ.ಜಿ. ಚೀಲದ ಭತ್ತದ ಐದು ದಿನಗಳ ದರ 1,800, 1,820, 1,810, 1,850, 1,870 ರೂ. ಎಂದಿಟ್ಟುಕೊಂಡರೆ ಸರಾಸರಿ 1,830. ಆರನೆಯ ದಿನ ದರ 1,760ಕ್ಕೆ ಕುಸಿದರೆ ಮೊದಲ ದಿನದ 1,800 ಬಿಟ್ಟುಹೋಗಿ ಹೊಸ ಸರಾಸರಿ 1,822 ಆಗುತ್ತದೆ. ದರವು ಸರಾಸರಿಗಿಂತ ಮೇಲಿದ್ದರೆ ಕೊಂಡಿಟ್ಟುಕೊಳ್ಳುವುದು, ಕೆಳಗಿಳಿದರೆ ಮಾರುವುದು, ಸೂತ್ರ ಇಷ್ಟೇ. ಷೇರು ಪೇಟೆಯಲ್ಲಿ 200 ದಿನಗಳ ಸರಾಸರಿ ಹೆಚ್ಚು ಪ್ರಸಿದ್ಧ.

ಈ ಸೂತ್ರ ನಿಜವಾಗಿ ಏನು ಕೊಟ್ಟಿದೆ? 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್, 2009ರ ಮಾರ್ಚ್ 9ರಂದು 8,160ಕ್ಕೆ ಇಳಿದಿತ್ತು. 200 ದಿನಗಳ ಸರಾಸರಿಯನ್ನು ನಂಬಿದವರು 2008ರ ಮೊದಲಾರ್ಧದಲ್ಲೇ 17,000ದ ಆಸುಪಾಸಿನಲ್ಲಿ ಹೊರಬಂದು ದೊಡ್ಡ ನಷ್ಟದಿಂದ ಪಾರಾಗುತ್ತಿದ್ದರು. 2020ರ ಕಥೆ ಬೇರೆ. ಫೆಬ್ರವರಿ ಕೊನೆಯಲ್ಲಿ ನಿಫ್ಟಿ 11,200ರ ಸುಮಾರಿಗೆ ಸರಾಸರಿಯ ಕೆಳಗಿತ್ತು; ಮಾರ್ಚ್ 23ರಂದು 7,610ಕ್ಕೆ ಬಿದ್ದಿತು; ಮತ್ತೆ ಸರಾಸರಿಯನ್ನು ದಾಟಿದ್ದು ಜುಲೈನಲ್ಲಿ, 11,000ದ ಆಸುಪಾಸಿನಲ್ಲಿ. 11,200ಕ್ಕೆ ಮಾರಿ 11,000ಕ್ಕೆ ಕೊಂಡವರ ಉಳಿತಾಯ ಶೇ. 2ರಷ್ಟೂ ಇಲ್ಲ. ಆದರೆ 7,610ರ ದಿನ ಅವರು ನಿದ್ದೆಗೆಟ್ಟಿರಲಿಲ್ಲ. ಚಲಿಸುವ ಸರಾಸರಿಯ ಉಪಯೋಗ ಮುಖ್ಯವಾಗಿ ಇದೇ: ಅದು ಲಾಭವನ್ನು ಹೆಚ್ಚಿಸುವುದಕ್ಕಿಂತ ಆಳವಾದ ಕುಸಿತವನ್ನು ತಡೆಯುತ್ತದೆ. ಪೇಟೆ ಏರಿಳಿತವಿಲ್ಲದೆ ಒಂದೇ ಮಟ್ಟದಲ್ಲಿ ತೂಗಾಡುವಾಗ ಮಾತ್ರ ಮೇಲೆ ಕೊಂಡು ಕೆಳಗೆ ಮಾರಿಸುತ್ತಾ ಹಣವನ್ನು ಚೂರುಚೂರಾಗಿ ಕರಗಿಸುತ್ತದೆ.

ಕಾಗದದ ಮೇಲಿನ ಲಾಭವು ಖಾತೆಗೆ ಬಾರದಿರುವುದಕ್ಕೆ ಕಾರಣ ಪರೀಕ್ಷೆ ಮಾಡುವ ಕ್ರಮದಲ್ಲಿಯೇ ಇದೆ. ದಿನದ ಕೊನೆಯ ದರ ತಿಳಿದ ಮೇಲಷ್ಟೇ ಆ ದಿನದ ಸರಾಸರಿ ಸಿಗುತ್ತದೆ. ಆದರೂ ಅನೇಕರ ಲೆಕ್ಕಪಟ್ಟಿಯಲ್ಲಿ ಅದೇ ದರಕ್ಕೆ ಖರೀದಿಯಾಗಿರುತ್ತದೆ. ಸಂಜೆ ಕಿರ್ದಿ ಮುಗಿಸಿ, ಬೆಳಗಿನ ಧಾರಣೆಯಲ್ಲಿ ಮಾಲು ಕೊಂಡಂತೆ ಬರೆದುಕೊಳ್ಳುವ ಕ್ರಮವಿದು. ಮರುದಿನದ ಆರಂಭದ ದರವನ್ನೇ ಹಿಡಿಯಬೇಕು. ಇನ್ನೊಂದು ದೋಷ, ಇಂದಿನ ಕಂಪನಿಗಳ ಪಟ್ಟಿಯನ್ನು ಹಿಡಿದು ಹಿಂದಿನದನ್ನು ಪರೀಕ್ಷಿಸುವುದು. 2008ರ ಆರಂಭದಲ್ಲಿ ನಿಫ್ಟಿಯ 50 ಕಂಪನಿಗಳಲ್ಲಿ ಸತ್ಯಂ ಕಂಪ್ಯೂಟರ್, ಯೂನಿಟೆಕ್, ರಿಲಯನ್ಸ್ ಕಮ್ಯೂನಿಕೇಷನ್ಸ್ ಇದ್ದವು. ಇಂದಿನ ಪಟ್ಟಿಯಲ್ಲಿ ಅವು ಇಲ್ಲ. ಹಾಗಾಗಿ ಅವುಗಳ ನಷ್ಟವೂ ಪರೀಕ್ಷೆಯೊಳಗೆ ಬರುವುದಿಲ್ಲ.

ಸೂತ್ರವನ್ನು ಬದಲಿಸುತ್ತಾ ಹೋಗುವ ಚಟ ಇವೆರಡಕ್ಕಿಂತ ಅಪಾಯಕರ. 5 ದಿನ, 13 ದಿನ, 47 ದಿನ ಎಂದು ನೂರು ಜೋಡಿಗಳನ್ನು ಓಡಿಸಿದರೆ ಯಾವುದೋ ಒಂದು ಹಳೆಯ ದರಗಳಿಗೆ ಹೊಂದಿಕೊಂಡೇ ತೀರುತ್ತದೆ. ಅಮೆರಿಕದ ಡೌ ಜೋನ್ಸ್ ಸೂಚ್ಯಂಕದ 1897ರಿಂದ 1986ರವರೆಗಿನ ದರಗಳ ಮೇಲೆ ಬ್ರಾಕ್, ಲಕೊನಿಶಾಕ್, ಲೆಬ್ಯಾರನ್ ಎಂಬ ಅರ್ಥಶಾಸ್ತ್ರಜ್ಞರು 1992ರಲ್ಲಿ ಪ್ರಕಟಿಸಿದ ಅಧ್ಯಯನವು ಸರಾಸರಿ ಸೂತ್ರಗಳ ಪರವಾಗಿತ್ತು. 1999ರಲ್ಲಿ ಸಲ್ಲಿವನ್, ಟಿಮ್ಮರ್‌ಮನ್, ವೈಟ್ ಅವರು ನಂತರದ ಹತ್ತು ವರ್ಷಗಳ ದರಗಳ ಮೇಲೆ ನೋಡಿದಾಗ, ಹಿಂದೆ ಎಲ್ಲಕ್ಕಿಂತ ಚೆನ್ನಾಗಿ ನಡೆದಿದ್ದ ಸೂತ್ರ ಆ ಫಲವನ್ನು ಕೊಡಲಿಲ್ಲ. ಆದುದರಿಂದ ಒಂದು ಅವಧಿಯಲ್ಲಿ ಸೂತ್ರವನ್ನು ಆರಿಸಿ, ಮುಟ್ಟದೆ ಬಿಟ್ಟ ಇನ್ನೊಂದು ಅವಧಿಯಲ್ಲಿ ಅದನ್ನು ಒಮ್ಮೆ ಮಾತ್ರ ಪರೀಕ್ಷಿಸುವುದು ಸರಿಯಾದ ಕ್ರಮ. ಆಗಲೂ ದಾಖಲೆಯಲ್ಲಿಲ್ಲದ್ದು ನಡೆಯಬಹುದು. ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್‌ಗೇಟ್ 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಗುವವರೆಗೆ, ಅಂತಹ ಘಟನೆ ಆ ಅಣೆಕಟ್ಟಿನ ಏಳು ದಶಕಗಳ ಲೆಕ್ಕದಲ್ಲಿ ಇರಲಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ದಲ್ಲಾಳಿ, ಷೇರು ವಹಿವಾಟು ತೆರಿಗೆ, ಸ್ಟಾಂಪ್ ಶುಲ್ಕ, ದರದ ಅಂತರ ಎಲ್ಲ ಸೇರಿ ಒಂದು ಕೊಳ್ಳು-ಮಾರಿಗೆ ಶೇ. ಅರ್ಧ ಎಂದು ಹಿಡಿದರೂ, ವರ್ಷಕ್ಕೆ 20 ಬಾರಿ ತಿರುಗಿದ ಬಂಡವಾಳದ ಶೇ. 10 ಅಲ್ಲಿಗೇ ಹೋಯಿತು. 2024ರ ಜುಲೈ 23ರಿಂದ, ವರ್ಷದೊಳಗೆ ಮಾರಿದ ಪಟ್ಟಿಯಾದ ಷೇರುಗಳ ಲಾಭಕ್ಕೆ ಶೇ. 20 ತೆರಿಗೆ, ವರ್ಷ ಮೀರಿದ್ದಕ್ಕೆ 1.25 ಲಕ್ಷ ರೂ. ಬಿಟ್ಟು ಶೇ. 12.5. ಸಣ್ಣ ಅವಧಿಯ ಸರಾಸರಿಗಳು ಬಹುತೇಕ ಮೊದಲ ದರಕ್ಕೇ ಸಿಲುಕುತ್ತವೆ. ಅದೇ ದಿನ ಕೊಂಡು ಮಾರಿದ ಷೇರಿನ ನಷ್ಟವು ಸಟ್ಟಾ ನಷ್ಟವೆನಿಸುವುದರಿಂದ ಅದನ್ನು ಅಕ್ಕಿ ವ್ಯಾಪಾರದ ಲಾಭಕ್ಕೆ ವಜಾ ಮಾಡಲು ಬಾರದು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಕುರಿತು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವಂತೂ, ಮೂರು ವರ್ಷಗಳಲ್ಲಿ ಶೇ. 93ರಷ್ಟು ವ್ಯಕ್ತಿಗಳು ನಷ್ಟಕ್ಕೊಳಗಾದರೆಂದು ತಿಳಿಸಿದೆ. ಅವರಲ್ಲಿ ಸೂತ್ರವಿದ್ದವರೇನೂ ಕಡಿಮೆಯಿರಲಾರರು.

ಗಿರಣಿ ಮಾಲೀಕರು ಮಾಡಬೇಕಾದ ಪರೀಕ್ಷೆ ಇನ್ನೊಂದಿದೆ. ಹದಿನೈದು ವರ್ಷದ ಒಟ್ಟು ಲಾಭದ ಬದಲು, ಪ್ರತಿವರ್ಷ ಮೇ ತಿಂಗಳಲ್ಲಿ ಹಣ ಹಾಕಿ ಅಕ್ಟೋಬರ್ ಕೊನೆಗೆ ತೆಗೆದರೆ ಎಷ್ಟು ಬಾರಿ ಅಸಲು ಕಡಿಮೆಯಾಯಿತು ಎಂಬುದನ್ನು ಎಣಿಸಬೇಕು. ನವೆಂಬರ್‌ನಲ್ಲಿ ಭತ್ತದ ಚೀಲಗಳು ಬಂದಾಗ ರೈತರಿಗೂ ದಲಾಲಿ ಅಂಗಡಿಗಳಿಗೂ ಸರಾಸರಿ ಮತ್ತೆ ಮೇಲೇರುವವರೆಗೆ ಕಾಯಿರೆಂದು ಹೇಳಲಾಗದು. ಸಿ.ಸಿ. ಖಾತೆಯಿಂದ ತೆಗೆದ ಹಣವಾದರೆ, ಷೇರಿಗೆ ಹೋದ ಭಾಗದ ಬಡ್ಡಿಯನ್ನು ವ್ಯಾಪಾರದ ಖರ್ಚಾಗಿ ತೋರಿಸಿದಾಗ ತೆರಿಗೆ ಅಧಿಕಾರಿಗಳು ಒಪ್ಪದಿರಬಹುದು. ಆ ಬಡ್ಡಿಯನ್ನೂ ಪರೀಕ್ಷೆಯ ಖರ್ಚಿನ ಕಾಲಮ್ಮಿನಲ್ಲಿ ಬರೆದು ಕೂಡಿಸಬೇಕು.